ಪೈಥಾನ್ ಸಿ ಎಕ್ಸ್‌ಟೆನ್ಶನ್‌ಗೆ ಡೀಬಗ್ ಬಿಲ್ಡ್: ಯಾವುದು ಮೊದಲು, ಯಾವುದು ಆಮೇಲೆ

“‘-ಜಿ’ ಹಾಕಿಯೇ ಕಂಪೈಲ್ ಮಾಡಿದ್ದೇನೆ. ಆದರೂ ಕ್ರ್ಯಾಶ್ ಎಲ್ಲಿಂದ ಬರ್ತಿದೆ ಅಂತ ಗೊತ್ತಾಗ್ತಿಲ್ಲ. ಜಿಡಿಬಿ ತೋರಿಸುವುದೆಲ್ಲ ಗಾರ್ಬೇಜ್ ಕಲೆಕ್ಟರ್ ಒಳಗಿನ ಸಾಲುಗಳು.” ಸಿ ಎಕ್ಸ್‌ಟೆನ್ಶನ್ (ಪೈಥಾನ್‌ನಿಂದ ಇಂಪೋರ್ಟ್ ಮಾಡಲು ಸಿ ಭಾಷೆಯಲ್ಲಿ ಬರೆದ ಮಾಡ್ಯೂಲ್) ಬರೆಯಲು ಹೊರಟವರಿಂದ ಈ ದೂರು ಮತ್ತೆ ಮತ್ತೆ ಬರುತ್ತದೆ. ವಿಚಾರಿಸಿದರೆ ಬಹುತೇಕ ಸಲ ಕಥೆ ಒಂದೇ. ತಮ್ಮ ಮಾಡ್ಯೂಲನ್ನು ‘-ಜಿ’ ಹಾಕಿ ಕಟ್ಟಿಕೊಂಡಿರುತ್ತಾರೆ, ಅದನ್ನು ಓಡಿಸುವ ಪೈಥಾನ್ ಮಾತ್ರ ಮಾಮೂಲಿ ರಿಲೀಸ್ ಬಿಲ್ಡ್ ಆಗಿರುತ್ತದೆ.

ಇವೆರಡೂ ಬೇರೆ ಬೇರೆ. ಕಂಪೈಲರ್‌ಗೆ ‘-ಜಿ’ ಹಾಕಿದರೆ ಜಿಡಿಬಿ ಎಂಬ ಡೀಬಗರ್‌ಗೆ ಸಾಲಿನ ನಂಬರು, ವೇರಿಯಬಲ್ ಹೆಸರು ಸಿಗುತ್ತವೆ, ಅಷ್ಟೇ. ಡೀಬಗ್ ಬಿಲ್ಡ್ ಅಂದರೆ ಇಂಟರ್‌ಪ್ರಿಟರನ್ನೇ ಬೇರೆ ರೀತಿ ಕಟ್ಟುವುದು. ಆ ಪೈಥಾನ್ ಒಟ್ಟು ರೆಫ್‌ಕೌಂಟ್ (ಆಬ್ಜೆಕ್ಟ್‌ಗಳನ್ನು ಎಷ್ಟು ಕಡೆಯಿಂದ ಹಿಡಿದುಕೊಂಡಿದೆ ಎಂಬ ಎಣಿಕೆ) ಲೆಕ್ಕ ಇಡುತ್ತದೆ, ಫ್ರೀ ಆದ ಮೆಮೊರಿಗೆ ಗುರುತು ಬಳಿಯುತ್ತದೆ, ಒಳಗಿನ ಅಸರ್ಟ್‌ಗಳನ್ನೆಲ್ಲ (‘ಇದು ಹೀಗೇ ಇರಬೇಕು’ ಎಂಬ ಪರೀಕ್ಷೆಗಳನ್ನು) ಚಾಲೂ ಇಡುತ್ತದೆ. ತಪ್ಪು ನಡೆದ ಜಾಗಕ್ಕೂ ಕ್ರ್ಯಾಶ್ ಕಾಣುವ ಜಾಗಕ್ಕೂ ನಡುವಿನ ದೂರ ಕಡಿಮೆಯಾಗುತ್ತದೆ. ನಮಗೆ ಬೇಕಾದದ್ದು ಅದೇ.

ಒಂದು ಮಾತು: ಕಮಾಂಡ್, ಫಂಕ್ಷನ್ ಹೆಸರುಗಳನ್ನು ಬಾಯಲ್ಲಿ ಹೇಳುವ ಹಾಗೆಯೇ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರದಲ್ಲೇ ಮಾಡಿ.

## ಮೊದಲು ಕೈಯಲ್ಲಿ ಇರಬೇಕಾದದ್ದು

ಜಿಸಿಸಿ ಅಥವಾ ಕ್ಲ್ಯಾಂಗ್, ಜಿಡಿಬಿ, ನಿಮ್ಮ ಎಕ್ಸ್‌ಟೆನ್ಶನ್‌ನ ಸೋರ್ಸ್, ಮತ್ತು ತಪ್ಪನ್ನು ಮತ್ತೆ ಮತ್ತೆ ತೋರಿಸುವ ಒಂದು ಚಿಕ್ಕ ಸ್ಕ್ರಿಪ್ಟ್. ಈ ಕೊನೆಯದನ್ನು ಎಲ್ಲರೂ ಮರೆಯುತ್ತಾರೆ. ಇಡೀ ಅಪ್ಲಿಕೇಶನ್ ಓಡಿಸಿ ಕ್ರ್ಯಾಶ್‌ಗಾಗಿ ಕಾಯುವುದು ಡೀಬಗ್ ಬಿಲ್ಡ್‌ನಲ್ಲಿ ಇನ್ನೂ ನಿಧಾನ. 20 ಸಾಲಿನ ಸ್ಕ್ರಿಪ್ಟ್ ಇದ್ದರೆ ಅರ್ಧ ಕೆಲಸ ಮುಗಿದಂತೆ.

## ಹಂತ 1: ಏನನ್ನೂ ಕಟ್ಟುವ ಮುಂಚೆ ಡೆವ್ ಮೋಡ್

ಈಗಿರುವ ರಿಲೀಸ್ ಪೈಥಾನ್‌ನಲ್ಲೇ ಅರ್ಧ ದಾರಿ ಹೋಗಬಹುದು. ಪೈಥಾನ್ 3.7ರಿಂದ ‘-ಎಕ್ಸ್ ಡೆವ್’ ಎಂಬ ಆಯ್ಕೆ ಇದೆ. ಅದು ಮೆಮೊರಿ ಹಂಚುವ ಅಲೊಕೇಟರ್ ಮೇಲೆ ಡೀಬಗ್ ಕಾವಲು ಕೂರಿಸುತ್ತದೆ, ಫಾಲ್ಟ್‌ಹ್ಯಾಂಡ್ಲರ್ ಶುರು ಮಾಡುತ್ತದೆ. ಸೆಗ್‌ಫಾಲ್ಟ್ (ತನ್ನದಲ್ಲದ ಮೆಮೊರಿ ಮುಟ್ಟಿ ಬೀಳುವುದು) ಆದಾಗ ಸುಮ್ನೆ ಸಾಯುವ ಬದಲು ಪೈಥಾನ್ ಕಡೆಯ ಯಾವ ಸಾಲಿನಲ್ಲಿ ಬಿದ್ದಿತು ಅಂತ ಬರೆದು ಸಾಯುತ್ತದೆ.

ಅಲೊಕೇಟರ್ ಕಾವಲು ಮಾತ್ರ ಸಾಕು ಅಂದರೆ ‘ಪೈಥಾನ್‌ಮ್ಯಾಲಕ್’ ಎಂಬ ಎನ್ವಿರಾನ್‌ಮೆಂಟ್ ವೇರಿಯಬಲ್‌ಗೆ ‘ಡೀಬಗ್’ ಎಂದು ಕೊಡಿ. ಇದು 3.6ರಿಂದಲೇ ಇದೆ. ಬಫರ್ ದಾಟಿ ಬರೆದದ್ದು, ಒಂದು ಅಲೊಕೇಟರ್‌ನಲ್ಲಿ ತೆಗೆದು ಇನ್ನೊಂದರಲ್ಲಿ ಫ್ರೀ ಮಾಡಿದ್ದು, ಇಂಥವು ಇಲ್ಲೇ ಸಿಕ್ಕಿಬೀಳುತ್ತವೆ.

ಇಲ್ಲಿ ಸಿಗದೇ ಇರುವುದು ರೆಫ್‌ಕೌಂಟ್ ಲೆಕ್ಕ ಮತ್ತು ಇಂಟರ್‌ಪ್ರಿಟರ್ ಒಳಗಿನ ಅಸರ್ಟ್‌ಗಳು. ತಪ್ಪು ಈ ಹಂತದಲ್ಲೇ ಸಿಕ್ಕರೆ ಸರಿ. ಇಲ್ಲವಾದರೆ ಮುಂದಕ್ಕೆ.

## ಹಂತ 2: ಡೀಬಗ್ ಇಂಟರ್‌ಪ್ರಿಟರ್ ತಂದುಕೊಳ್ಳುವುದು

ಸುಲಭದ ದಾರಿ ಪ್ಯಾಕೇಜ್. ಡೆಬಿಯನ್, ಉಬುಂಟುವಿನಲ್ಲಿ ‘ಪೈಥಾನ್3-ಡಿಬಿಜಿ’, ಫೆಡೋರಾದಲ್ಲಿ ‘ಪೈಥಾನ್3-ಡೀಬಗ್’.

ನಾನು ಸೋರ್ಸ್‌ನಿಂದಲೇ ಕಟ್ಟಿಕೊಳ್ಳುತ್ತೇನೆ. ಅದೇನೂ ದೊಡ್ಡ ಕೆಲಸವಲ್ಲ. ಸೋರ್ಸ್ ಬಿಚ್ಚಿದ ಫೋಲ್ಡರ್‌ನಲ್ಲಿ ‘ಕಾನ್ಫಿಗರ್’ ಓಡಿಸುವಾಗ ಎರಡು ಆಯ್ಕೆ ಕೊಡಿ: ‘--ವಿತ್-ಪೈಡೀಬಗ್’, ಮತ್ತು ನಿಮ್ಮ ಹೋಮ್ ಫೋಲ್ಡರ್ ಒಳಗಿನ ಒಂದು ಜಾಗವನ್ನು ತೋರಿಸುವ ‘--ಪ್ರಿಫಿಕ್ಸ್’. ಆಮೇಲೆ ‘ಮೇಕ್’, ಕೊನೆಗೆ ‘ಮೇಕ್ ಆಲ್ಟ್‌ಇನ್‌ಸ್ಟಾಲ್’.

ಇಲ್ಲಿ ಆಗುವ ತಪ್ಪುಗಳು ಮೂರು.

ಒಂದು, ‘ಸುಡೊ ಮೇಕ್ ಇನ್‌ಸ್ಟಾಲ್’. ಸಿಸ್ಟಮ್‌ನ ಪೈಥಾನ್ ಜಾಗದಲ್ಲಿ ಡೀಬಗ್ ಪೈಥಾನ್ ಬಂದು ಕೂತರೆ ಮಿಷನ್ನಿನ ಬೇರೆ ಕೆಲಸಗಳೂ ಕೆಡುತ್ತವೆ. ಸ್ವಂತ ಪ್ರಿಫಿಕ್ಸ್ ಇದ್ದರೆ ಸುಡೊ ಬೇಕಾಗುವುದೇ ಇಲ್ಲ.

ಎರಡು, ಓಪನ್‌ಎಸ್‌ಎಸ್‌ಎಲ್, ಜೆಡ್‌ಲಿಬ್ ಮುಂತಾದವುಗಳ ಹೆಡರ್ ಫೈಲ್ ಇಲ್ಲದೆ ಕಟ್ಟುವುದು. ಬಿಲ್ಡ್ ಮುಗಿಯುತ್ತದೆ, ಪೈಥಾನ್ ಓಡುತ್ತದೆ, ಆದರೆ ಪಿಪ್ ಏನನ್ನೂ ಡೌನ್‌ಲೋಡ್ ಮಾಡುವುದಿಲ್ಲ. ‘ಮೇಕ್’ ಕೊನೆಯಲ್ಲಿ ಯಾವ ಮಾಡ್ಯೂಲ್ ಕಟ್ಟಲು ಆಗಲಿಲ್ಲ ಅಂತ ಪಟ್ಟಿ ಕೊಡುತ್ತದೆ. ಅದನ್ನು ಓದದೆ ಟರ್ಮಿನಲ್ ಮುಚ್ಚಬೇಡಿ.

ಮೂರು, ಅಭ್ಯಾಸಬಲದಿಂದ ‘--ಎನೇಬಲ್-ಆಪ್ಟಿಮೈಸೇಶನ್ಸ್’ ಸೇರಿಸುವುದು. ವೇಗ ಬೇಕಾಗಿದ್ದರೆ ಈ ದಾರಿಗೆ ಬರುತ್ತಲೇ ಇರಲಿಲ್ಲ, ಅಲ್ವಾ?

ಕಟ್ಟಿದ ಮೇಲೆ ಖಾತ್ರಿ ಮಾಡಿಕೊಳ್ಳಿ. ‘ಸಿಸ್’ ಮಾಡ್ಯೂಲ್‌ನಲ್ಲಿ ‘ಗೆಟ್‌ಟೋಟಲ್‌ರೆಫ್‌ಕೌಂಟ್’ ಎಂಬ ಫಂಕ್ಷನ್ ಇದ್ದರೆ ಅದು ಡೀಬಗ್ ಬಿಲ್ಡ್, ಇಲ್ಲದಿದ್ದರೆ ಅಲ್ಲ.

## ಹಂತ 3: ನಿಮ್ಮ ಮಾಡ್ಯೂಲನ್ನು ಹೊಸದಾಗಿ ಕಟ್ಟುವುದು

ಜಾಸ್ತಿ ಜನ ಎಡವುವುದು ಇಲ್ಲೇ. ಕಾರಣ ಒಂದು ಒಳ್ಳೆಯ ಸೌಲಭ್ಯ.

ಪೈಥಾನ್ 3.8ರ ಮುಂಚೆ ಡೀಬಗ್ ಪೈಥಾನ್‌ಗೂ ರಿಲೀಸ್ ಮಾಡ್ಯೂಲ್‌ಗೂ ಹೊಂದಾಣಿಕೆ ಇರಲಿಲ್ಲ. ನಂಪೈ ಲೈಬ್ರರಿ ಬೇಕೆಂದರೆ ನಂಪೈಯನ್ನೂ ಡೀಬಗ್‌ನಲ್ಲಿ ಕಟ್ಟಬೇಕಿತ್ತು. 3.8ರಿಂದ ಲಿನಕ್ಸ್‌ನಂಥ ಕಡೆ ಎರಡರ ಎಬಿಐ (ಕಂಪೈಲ್ ಆದ ಕೋಡ್‌ಗಳು ಒಂದಕ್ಕೊಂದು ಹೊಂದುವ ರೀತಿ) ಒಂದೇ. ಡೀಬಗ್ ಪೈಥಾನ್ ಮೊದಲು ತನ್ನ ಗುರುತಿನ ಫೈಲ್ ಹುಡುಕುತ್ತದೆ. ಸಿಗದಿದ್ದರೆ ರಿಲೀಸ್ ಫೈಲನ್ನೇ ತೆಗೆದುಕೊಂಡು ಮುಂದೆ ಹೋಗುತ್ತದೆ. ಅನುಕೂಲವೇನೋ ಹೌದು. ಆದರೆ ನಿಮ್ಮದೇ ಮಾಡ್ಯೂಲ್‌ನ ಹಳೆಯ ರಿಲೀಸ್ ಫೈಲ್ ಎಲ್ಲಾದರೂ ಬಿದ್ದಿದ್ದರೆ ಅದನ್ನೂ ಹೀಗೆಯೇ ಸದ್ದಿಲ್ಲದೆ ಲೋಡ್ ಮಾಡಿಬಿಡುತ್ತದೆ.

ಮಾಡಿದರೆ ಏನಾಗುತ್ತದೆ? ರೆಫ್‌ಕೌಂಟನ್ನು ಒಂದು ಇಳಿಸುವ ‘ಪೈ_ಡೆಕ್‌ರೆಫ್’ನಂಥವು ನಿಮ್ಮ ಫೈಲ್ ಒಳಗೇ ಸೇರಿಕೊಂಡು ಕಂಪೈಲ್ ಆಗುತ್ತವೆ. ರಿಲೀಸ್ ಹೆಡರ್‌ನಲ್ಲಿ ಕಟ್ಟಿದ ಮಾಡ್ಯೂಲ್ ಒಳಗೆ ಅವು ಯಾವ ಪರೀಕ್ಷೆಯನ್ನೂ ಮಾಡುವುದಿಲ್ಲ. ಮೇಲಿನಿಂದ ಎಲ್ಲ ಡೀಬಗ್ ಥರ ಕಾಣುತ್ತದೆ, ನಿಮ್ಮ ಕೋಡ್ ಮಾತ್ರ ಕಾವಲಿನ ಆಚೆ ಉಳಿಯುತ್ತದೆ.

ಅದಕ್ಕೆ ಕ್ರಮ ಹೀಗಿರಲಿ. ಡೀಬಗ್ ಪೈಥಾನ್‌ನಿಂದಲೇ ಹೊಸ ವರ್ಚುವಲ್ ಎನ್ವಿರಾನ್‌ಮೆಂಟ್ ಮಾಡಿ. ಸೋರ್ಸ್ ಫೋಲ್ಡರ್‌ನಲ್ಲಿರುವ ‘ಬಿಲ್ಡ್’ ಫೋಲ್ಡರನ್ನೂ ಹಳೆಯ ‘.ಎಸ್‌ಒ’ ಫೈಲ್‌ಗಳನ್ನೂ ಅಳಿಸಿ. ‘ಸಿಫ್ಲ್ಯಾಗ್ಸ್’ಗೆ ‘-ಒ0 -ಜಿ3’ (ಆಪ್ಟಿಮೈಸೇಶನ್ ಬೇಡ, ಪೂರ್ತಿ ಡೀಬಗ್ ಮಾಹಿತಿ ಬೇಕು) ಕೊಟ್ಟು, ಪಿಪ್‌ನ ಕ್ಯಾಶ್ ಬಳಸದೆ ಇನ್‌ಸ್ಟಾಲ್ ಮಾಡಿ. ಆಮೇಲೆ ಮಾಡ್ಯೂಲನ್ನು ಇಂಪೋರ್ಟ್ ಮಾಡಿ ಅದರ ‘__ಫೈಲ್__’ ಪ್ರಿಂಟ್ ಮಾಡಿ. ನಿಮ್ಮದು ಪೈಥಾನ್ 3.12 ಆದರೆ ಹೆಸರಿನಲ್ಲಿ ‘ಸಿಪೈಥಾನ್-312ಡಿ’ ಅಂತ ಇರಬೇಕು. ಕೊನೆಯ ಆ ‘ಡಿ’ ಇಲ್ಲದೆ ಬರೀ ‘312’ ಇದ್ದರೆ ನೀವಿನ್ನೂ ಹಳೆಯ ಫೈಲನ್ನೇ ಓಡಿಸುತ್ತಿದ್ದೀರಿ.

ಸಿಮೇಕ್ ಎಂಬ ಬಿಲ್ಡ್ ಸಾಧನ ಬಳಸುವವರಿಗೆ ಇನ್ನೊಂದು ಎಚ್ಚರಿಕೆ. ಅದರ ‘ರಿಲೀಸ್’ ಬಿಲ್ಡ್ ಟೈಪ್ ‘ಎನ್‌ಡೀಬಗ್’ ಎಂಬ ಮ್ಯಾಕ್ರೊವನ್ನು ತಾನೇ ಸೇರಿಸುತ್ತದೆ. ಆಗ ಎಲ್ಲ ಅಸರ್ಟ್‌ಗಳೂ ಮಾಯ. ಬಿಲ್ಡ್ ಟೈಪ್ ‘ಡೀಬಗ್’ ಎಂದು ಬಾಯಿಬಿಟ್ಟು ಹೇಳಬೇಕು.

ವಿಂಡೋಸ್‌ನಲ್ಲಿ ಆಟ ಬೇರೆ. ಅಲ್ಲಿ ಡೀಬಗ್ ಮತ್ತು ರಿಲೀಸ್ ಬೆರೆಯುವುದಿಲ್ಲ. ಇಂಟರ್‌ಪ್ರಿಟರ್ ಹೆಸರು ‘ಪೈಥಾನ್_ಡಿ’, ಮಾಡ್ಯೂಲ್ ಫೈಲ್ ಕೊನೆಯಲ್ಲಿ ‘_ಡಿ.ಪಿವೈಡಿ’. ವಿಶುವಲ್ ಸ್ಟುಡಿಯೋದಲ್ಲಿ ಡೀಬಗ್ ಆಯ್ಕೆ ಮಾಡಿದ ಕೂಡಲೇ ‘_ಡಿ.ಲಿಬ್’ ಸಿಗಲಿಲ್ಲ ಅಂತ ಲಿಂಕರ್ ಕೂಗಿದರೆ ಗಾಬರಿ ಬೇಡ. ಪೈಥಾನ್ ಇನ್‌ಸ್ಟಾಲರ್ ಮತ್ತೆ ತೆರೆದು ಡೀಬಗ್ ಬೈನರಿಗಳ ಆಯ್ಕೆಗೆ ಟಿಕ್ ಹಾಕಿ. ಆ ಲೈಬ್ರರಿಯ ಹೆಸರು ಬದಲಿಸಿ ರಿಲೀಸ್ ಲೈಬ್ರರಿಗೆ ಲಿಂಕ್ ಮಾಡುವ ಅಡ್ಡದಾರಿ ಮಾತ್ರ ಹಿಡಿಯಬೇಡಿ.

## ಹಂತ 4: ಓಡಿಸಿ, ಬೀಳಲು ಬಿಡಿ

ನನ್ನದೇ ಒಂದು ತಪ್ಪು ಹೇಳುತ್ತೇನೆ. ಫೈಲ್ ಹೆಸರುಗಳ ಲಿಸ್ಟ್ ವಾಪಸ್ ಕೊಡುವ ಫಂಕ್ಷನ್ ಅದು. ಮೊದಲು ‘ಪೈಲಿಸ್ಟ್_ಅಪೆಂಡ್’ ಬಳಸಿದ್ದೆ. ಅಪೆಂಡ್ ತನಗೆ ಬೇಕಾದ ರೆಫರೆನ್ಸನ್ನು ತಾನೇ ಹೆಚ್ಚಿಸಿಕೊಳ್ಳುತ್ತದೆ, ಹಾಗಾಗಿ ಮುಂದಿನ ಸಾಲಿನಲ್ಲಿ ನಮ್ಮ ರೆಫರೆನ್ಸ್ ಬಿಡಲು ‘ಪೈ_ಡೆಕ್‌ರೆಫ್’ ಬೇಕು. ಸ್ವಲ್ಪ ದಿನದ ಮೇಲೆ ಲಿಸ್ಟ್‌ನ ಉದ್ದ ಮೊದಲೇ ಗೊತ್ತಿದೆಯಲ್ಲ ಅಂತ ‘ಪೈಲಿಸ್ಟ್_ಸೆಟ್‌ಐಟಂ’ಗೆ ಬದಲಾಯಿಸಿದೆ. ಸೆಟ್‌ಐಟಂ ನಮ್ಮ ರೆಫರೆನ್ಸನ್ನೇ ತನ್ನದಾಗಿಸಿಕೊಳ್ಳುತ್ತದೆ. ಡೆಕ್‌ರೆಫ್ ಸಾಲನ್ನು ಅಳಿಸಬೇಕಿತ್ತು. ಅಳಿಸಲಿಲ್ಲ.

ರಿಲೀಸ್ ಪೈಥಾನ್‌ನಲ್ಲಿ ಪರೀಕ್ಷೆಗಳೆಲ್ಲ ಪಾಸ್. ಯಾಕೆ ಅಂತ ನೋಡಿ. ಡೆಕ್‌ರೆಫ್ ಆದ ಕೂಡಲೇ ಸ್ಟ್ರಿಂಗ್‌ನ ರೆಫ್‌ಕೌಂಟ್ ಸೊನ್ನೆಗೆ ಬಂದು ಮೆಮೊರಿ ಫ್ರೀ ಆಗುತ್ತದೆ, ಲಿಸ್ಟ್ ಕೈಯಲ್ಲಿ ಸತ್ತ ವಿಳಾಸ ಉಳಿಯುತ್ತದೆ. ಆದರೆ ಪೈಥಾನ್‌ನ ಮಾಮೂಲಿ ಅಲೊಕೇಟರ್ ಫ್ರೀ ಮಾಡಿದ ತುಂಡಿನ ಮೊದಲ 8 ಬೈಟ್‌ನಲ್ಲಿ ಮಾತ್ರ ತನ್ನ ಕೊಂಡಿ ಬರೆದುಕೊಳ್ಳುತ್ತದೆ. ಅದು ರೆಫ್‌ಕೌಂಟ್ ಇದ್ದ ಜಾಗ. ಟೈಪ್, ಉದ್ದ, ಅಕ್ಷರಗಳು ಎಲ್ಲ ಹಾಗೇ ಇರುತ್ತವೆ. ಪ್ರಿಂಟ್ ಮಾಡಿದರೆ ಸರಿಯಾದ ಹೆಸರೇ ಬರುತ್ತದೆ! ಅದೇ ಅಳತೆಯ ಇನ್ನೊಂದು ಸ್ಟ್ರಿಂಗ್ ಹುಟ್ಟಿ ಆ ಜಾಗಕ್ಕೆ ಬಂದು ಕೂತಾಗ ಲಿಸ್ಟ್‌ನ ಮೂರನೇ ಹೆಸರು ಇದ್ದಕ್ಕಿದ್ದಂತೆ ಬೇರೆ ಯಾವುದೋ ಆಗುತ್ತದೆ. ನಾನು ಎರಡು ದಿನ ಆ ಹೆಸರು ಎಲ್ಲಿಂದ ಬಂತು ಅಂತ ಪೈಥಾನ್ ಕೋಡ್‌ನಲ್ಲಿ ಹುಡುಕಿದ್ದೆ.

ಡೀಬಗ್ ಬಿಲ್ಡ್‌ನಲ್ಲಿ ಅದೇ ಸ್ಕ್ರಿಪ್ಟ್ ಮೊದಲ ಪ್ರಿಂಟ್‌ಗೇ ಬಿತ್ತು. ಅಲ್ಲಿ ಫ್ರೀ ಆದ ಇಡೀ ತುಂಡಿನ ಮೇಲೆ ‘ಡಿಡಿ’ ಎಂಬ ಹೆಕ್ಸ್ ಬೈಟ್ ಬಳಿಯುತ್ತಾರೆ. ಟೈಪ್ ಪಾಯಿಂಟರ್ ನೋಡಿದರೆ ‘ಡಿಡಿಡಿಡಿಡಿಡಿ’ ಅಂತ ಉದ್ದಕ್ಕೆ ಡಿ ಅಕ್ಷರದ ಸಾಲು.

ಈ ಗುರುತುಗಳನ್ನು ಬಾಯಿಪಾಠ ಮಾಡಿ. ‘ಡಿಡಿ’ ಅಂದರೆ ಫ್ರೀ ಆದ ಮೆಮೊರಿ. ‘ಸಿಡಿ’ ಅಂದರೆ ಹೊಸದಾಗಿ ತೆಗೆದುಕೊಂಡು ಇನ್ನೂ ಏನೂ ತುಂಬದ ಮೆಮೊರಿ. ‘ಎಫ್‌ಡಿ’ ಅಂದರೆ ತುಂಡಿನ ಅಂಚಿನಲ್ಲಿ ಹಾಕಿದ ಬೇಲಿ. ಅದು ಕೆಟ್ಟಿದ್ದರೆ ನೀವು ಅಂಚು ದಾಟಿ ಬರೆದಿದ್ದೀರಿ. 3.8ಕ್ಕಿಂತ ಹಳೆಯ ಪೈಥಾನ್‌ನಲ್ಲಿ ಇವೇ ಕ್ರಮವಾಗಿ ‘ಡಿಬಿ’, ‘ಸಿಬಿ’, ‘ಎಫ್‌ಬಿ’ ಆಗಿದ್ದವು.

## ಹಂತ 5: ಉಳಿದ ಸೂಚನೆಗಳನ್ನು ಓದುವುದು

ನಿಮ್ಮ ಫಂಕ್ಷನ್ ಎಕ್ಸೆಪ್ಶನ್ ಇಡದೆ ನಲ್ (ಖಾಲಿ ಪಾಯಿಂಟರ್) ವಾಪಸ್ ಕೊಟ್ಟಿದೆ. ರಿಲೀಸ್‌ನಲ್ಲಿ ಇದು ಒಂದು ಸಿಸ್ಟಮ್‌ಎರರ್. ಯಾರೋ ‘ಎಕ್ಸೆಪ್ಟ್’ ಹಾಕಿ ನುಂಗಿಬಿಡಬಹುದು. ಡೀಬಗ್‌ನಲ್ಲಿ ಪ್ರೋಗ್ರಾಂ ಅಲ್ಲೇ ನಿಲ್ಲುತ್ತದೆ. ಸಂದೇಶದಲ್ಲಿ ಫಂಕ್ಷನ್ ಹೆಸರೂ ಇರುತ್ತದೆ.

ಎಕ್ಸೆಪ್ಶನ್ ಇದ್ದೂ ಫಲಿತಾಂಶ ಕೊಟ್ಟಿದೆ. ಮೇಲಿನದರ ತಿರುವು ಮುರುವು. ಸಾಮಾನ್ಯ ಕಾರಣ ‘ಪೈಲಾಂಗ್_ಆ್ಯಸ್‌ಲಾಂಗ್’. ಅದು -1 ಕೊಟ್ಟರೆ ನಿಜವಾದ -1 ಇರಬಹುದು, ತಪ್ಪೂ ಇರಬಹುದು. ‘ಪೈಎರ್_ಅಕರ್ಡ್’ ಕೇಳದೆ ಮುಂದೆ ಹೋದರೆ ಆ ಎಕ್ಸೆಪ್ಶನ್ ಹಿಂದೆಯೇ ಜೋತಾಡಿಕೊಂಡು ಬರುತ್ತದೆ.

ಗಿಲ್ (ಒಂದು ಹೊತ್ತಿಗೆ ಒಂದೇ ಥ್ರೆಡ್ ಪೈಥಾನ್ ಓಡಿಸುವಂತೆ ನೋಡಿಕೊಳ್ಳುವ ಬೀಗ) ಹಿಡಿಯದೆ ಅಲೊಕೇಟರ್ ಕರೆದಿದೆ. ಥ್ರೆಡ್‌ಗಾಗಿ ಗಿಲ್ ಬಿಟ್ಟ ಜಾಗದಲ್ಲಿ ಯಾವುದೋ ಪೈಥಾನ್ ಆಬ್ಜೆಕ್ಟ್ ಮುಟ್ಟಿದ್ದೀರಿ. ಇಂಥ ತಪ್ಪು ರಿಲೀಸ್‌ನಲ್ಲಿ ಯಾವಾಗಲೋ ಒಮ್ಮೆ ಮಾತ್ರ ಕಾಣುತ್ತದೆ, ಅದೂ ಬೇರೆಯವರ ಮಿಷನ್ನಿನಲ್ಲಿ.

ಅಲೊಕೇಟರ್ ಗುರುತು ತಾಳೆಯಾಗುತ್ತಿಲ್ಲ. ಪ್ರತಿ ತುಂಡಿನ ಮೇಲೂ ‘ಆರ್’, ‘ಎಮ್’, ‘ಒ’ ಎಂಬ ಒಂದು ಅಕ್ಷರ ಇರುತ್ತದೆ: ಕಚ್ಚಾ ಮೆಮೊರಿ, ಪೈಮೆಮ್, ಪೈಆಬ್ಜೆಕ್ಟ್. ಪೈಮೆಮ್‌ನಲ್ಲಿ ತೆಗೆದು ಪೈಆಬ್ಜೆಕ್ಟ್‌ನಲ್ಲಿ ಫ್ರೀ ಮಾಡಿದರೆ ಇದು ಬರುತ್ತದೆ. ಜೊತೆಗೆ ‘-ಎಕ್ಸ್ ಟ್ರೇಸ್‌ಮ್ಯಾಲಕ್’ ಕೊಟ್ಟು ಓಡಿಸಿದರೆ ಆ ತುಂಡನ್ನು ಪೈಥಾನ್‌ನ ಯಾವ ಸಾಲಿನಲ್ಲಿ ತೆಗೆದದ್ದು ಅಂತಲೂ ತೋರಿಸುತ್ತದೆ.

ಇನ್ನು ಡೀಬಗ್ ಬಿಲ್ಡ್ ಕೂಡ ಕಣ್ಣು ತಪ್ಪುವ ಜಾಗಗಳು. ಪರೀಕ್ಷೆಗೆ 1, 2, 3 ಅಂತ ಚಿಕ್ಕ ಅಂಕಿ ಕೊಡಬೇಡಿ. ಚಿಕ್ಕ ಪೂರ್ಣಾಂಕಗಳನ್ನು ಪೈಥಾನ್ ಮೊದಲೇ ಮಾಡಿಟ್ಟಿರುತ್ತದೆ, ಅವು ಫ್ರೀ ಆಗುವುದೇ ಇಲ್ಲ. ಒಂದೇ ಇಂಗ್ಲಿಷ್ ಅಕ್ಷರದ ಸ್ಟ್ರಿಂಗ್ ಕೂಡ ಹಾಗೆಯೇ. ಫ್ಲೋಟ್, ಟಪಲ್‌ಗಳನ್ನು ಫ್ರೀ ಮಾಡಿದರೂ ಪೈಥಾನ್ ಅವನ್ನು ಮರುಬಳಕೆಗೆ ಪಕ್ಕಕ್ಕಿಡುತ್ತದೆ, ಹಾಗಾಗಿ ಎಷ್ಟೋ ಸಲ ‘ಡಿಡಿ’ ಕಾಣುವುದಿಲ್ಲ. ನಾಲ್ಕಾರು ಅಕ್ಷರಕ್ಕಿಂತ ಉದ್ದದ, ಓಡುವಾಗ ಹುಟ್ಟುವ ಸ್ಟ್ರಿಂಗ್‌ಗಳೇ ಒಳ್ಳೆಯ ಪರೀಕ್ಷೆ.

3.12ರಿಂದ ‘ನನ್’, ‘ಟ್ರೂ’ ಮುಂತಾದವು ಅಮರ. ಅವುಗಳ ರೆಫ್‌ಕೌಂಟ್ ಏರುವುದೂ ಇಲ್ಲ, ಇಳಿಯುವುದೂ ಇಲ್ಲ. ‘ನನ್’ ವಾಪಸ್ ಕೊಡುವಾಗ ‘ಪೈ_ಇಂಕ್‌ರೆಫ್’ ಮರೆತರೆ 3.12ರಲ್ಲಿ ಏನೂ ಆಗುವುದಿಲ್ಲ. 3.11ರಲ್ಲಿ ಒಂದು ದಿನ ‘ನನ್’ ಸತ್ತು ಇಡೀ ಪೈಥಾನ್ ಬೀಳುತ್ತದೆ. ಹಳೆಯ ಆವೃತ್ತಿಗಳಿಗೂ ನಿಮ್ಮ ಮಾಡ್ಯೂಲ್ ಕೊಡುತ್ತೀರಾದರೆ 3.11ರ ಡೀಬಗ್ ಬಿಲ್ಡ್ ಒಂದನ್ನೂ ಇಟ್ಟುಕೊಳ್ಳಿ.

## ಹಂತ 6: ಜಿಡಿಬಿಯಲ್ಲಿ ಹಿಂದಕ್ಕೆ ಹೋಗುವುದು

‘ಜಿಡಿಬಿ --ಆರ್ಗ್ಸ್’ ಕೊಟ್ಟು, ಮುಂದೆ ಡೀಬಗ್ ಪೈಥಾನ್ ಮತ್ತು ಸ್ಕ್ರಿಪ್ಟ್ ಹೆಸರು ಬರೆಯಿರಿ. ಬಿದ್ದ ಮೇಲೆ ‘ಬಿಟಿ’ ಸಿ ಕಡೆಯ ದಾರಿ ತೋರಿಸುತ್ತದೆ. ‘ಪೈ-ಬಿಟಿ’ ಪೈಥಾನ್ ಕಡೆಯ ದಾರಿ ತೋರಿಸುತ್ತದೆ. ‘ಪೈ-ಬಿಟಿ’ ಗೊತ್ತಿಲ್ಲ ಅಂದರೆ ಪೈಥಾನನ್ನು ಸೋರ್ಸ್‌ನಿಂದ ಕಟ್ಟಿದಾಗ ಆ ಫೋಲ್ಡರ್‌ನಲ್ಲಿ ಸಿಗುವ ‘ಪೈಥಾನ್-ಜಿಡಿಬಿ’ ಸ್ಕ್ರಿಪ್ಟನ್ನು ‘ಸೋರ್ಸ್’ ಕಮಾಂಡ್‌ನಿಂದ ಲೋಡ್ ಮಾಡಿ. ವೇರಿಯಬಲ್ ಕೇಳಿದಾಗಲೆಲ್ಲ ‘ಆಪ್ಟಿಮೈಸ್ಡ್ ಔಟ್’ ಬಂದರೆ ‘-ಒ0’ ಎಲ್ಲೋ ತಪ್ಪಿಹೋಗಿದೆ.

‘ಡಿಡಿ’ ಸಿಕ್ಕಿದ್ದು ಯಾರೋ ಫ್ರೀ ಮಾಡಿದ್ದಾರೆ ಅನ್ನುವುದಕ್ಕೆ ಸಾಕ್ಷಿ ಅಷ್ಟೇ. ಯಾರು ಮಾಡಿದ್ದು? ಅದಕ್ಕೊಂದು ಉಪಾಯ ಇದೆ. ‘ಪೈಥಾನ್‌ಹ್ಯಾಶ್‌ಸೀಡ್’ ಅನ್ನು 0 ಮಾಡಿ. ಜಿಡಿಬಿ ತಾನಾಗಿಯೇ ವಿಳಾಸಗಳನ್ನು ಅದಲು ಬದಲಾಗದಂತೆ ಇಡುತ್ತದೆ. ಹಾಗಾಗಿ ಸ್ಕ್ರಿಪ್ಟ್ ಚಿಕ್ಕದಿದ್ದರೆ ಪ್ರತಿ ಸಲ ಆ ಆಬ್ಜೆಕ್ಟ್ ಸಾಮಾನ್ಯವಾಗಿ ಅದೇ ವಿಳಾಸಕ್ಕೆ ಬರುತ್ತದೆ. ವಿಳಾಸ ಬರೆದಿಟ್ಟುಕೊಳ್ಳಿ, ಮತ್ತೆ ಓಡಿಸಿ. ನಿಮ್ಮ ಫಂಕ್ಷನ್ ಶುರುವಿನಲ್ಲಿ ನಿಲ್ಲಿಸಿ, ಆ ವಿಳಾಸದ ರೆಫ್‌ಕೌಂಟ್ ಮೇಲೆ ‘ವಾಚ್’ ಹಾಕಿ. ಲೆಕ್ಕ ಬದಲಾದಾಗಲೆಲ್ಲ ಜಿಡಿಬಿ ನಿಲ್ಲುತ್ತದೆ. ಲೆಕ್ಕ 0 ಆಗುವ ಕ್ಷಣದಲ್ಲಿ ‘ಬಿಟಿ’ ಕೊಟ್ಟರೆ ತಪ್ಪಿನ ಸಾಲು ಎದುರಿಗೇ ಇರುತ್ತದೆ. ನನ್ನ ಡೆಕ್‌ರೆಫ್ ಸಿಕ್ಕಿದ್ದು ಹೀಗೆ.

## ಹಂತ 7: ಲೀಕ್ ಹುಡುಕುವುದು

ಜಾಸ್ತಿ ಡೆಕ್‌ರೆಫ್ ಮಾಡಿದರೆ ಕ್ರ್ಯಾಶ್, ಕಡಿಮೆ ಮಾಡಿದರೆ ಲೀಕ್. ಲೀಕ್ ಸದ್ದು ಮಾಡುವುದಿಲ್ಲ. ಇದಕ್ಕೆ ‘ಗೆಟ್‌ಟೋಟಲ್‌ರೆಫ್‌ಕೌಂಟ್’ ಬೇಕು.

ಫಂಕ್ಷನನ್ನು ಮೊದಲು ನಾಲ್ಕೈದು ಸಲ ಸುಮ್ನೆ ಕರೆಯಿರಿ, ಕ್ಯಾಶ್‌ಗಳೆಲ್ಲ ತುಂಬಿಕೊಳ್ಳಲಿ. ಗಾರ್ಬೇಜ್ ಕಲೆಕ್ಟ್ ಮಾಡಿ. ಒಟ್ಟು ಲೆಕ್ಕ ತೆಗೆದಿಟ್ಟು 1000 ಸಲ ಕರೆಯಿರಿ, ಮತ್ತೆ ಕಲೆಕ್ಟ್ ಮಾಡಿ, ಮತ್ತೆ ಲೆಕ್ಕ ತೆಗೆಯಿರಿ. ವ್ಯತ್ಯಾಸ 3 ಅಥವಾ 4 ಬಂದರೆ ತಲೆ ಕೆಡಿಸಿಕೊಳ್ಳಬೇಡಿ. 1000, 2000ದ ಹತ್ತಿರ ಬಂದರೆ ಪ್ರತಿ ಕರೆಗೂ ಒಂದೋ ಎರಡೋ ರೆಫರೆನ್ಸ್ ಸೋರುತ್ತಿದೆ.

ಸರಿಯಾದ ಇನ್‌ಪುಟ್ ಕೊಟ್ಟು ಇಷ್ಟು ಮಾಡಿ ನಿಲ್ಲಿಸಿದರೆ ಪ್ರಯೋಜನ ಕಡಿಮೆ. ಲೀಕ್‌ಗಳು ವಾಸ ಮಾಡುವುದು ತಪ್ಪಿನ ದಾರಿಯಲ್ಲಿ. ನಡುವೆ ಯಾವುದೋ ಕರೆ ವಿಫಲವಾಗಿ ‘ರಿಟರ್ನ್ ನಲ್’ ಅಂತ ಓಡಿಹೋದ ಕಡೆ ಅದುವರೆಗೆ ಹಿಡಿದದ್ದನ್ನು ಬಿಟ್ಟಿರುವುದಿಲ್ಲ. ತಪ್ಪು ಟೈಪ್, ಖಾಲಿ ಲಿಸ್ಟ್, ಮಿತಿಮೀರಿದ ಅಂಕಿ, ಹೀಗೆ ಒಂದೊಂದನ್ನೂ ಕೊಟ್ಟು 1000 ಸಲ ಓಡಿಸಿ.

ಬರೀ ‘ಮ್ಯಾಲಕ್’ನಲ್ಲಿ ತೆಗೆದ ಮೆಮೊರಿ ಈ ಲೆಕ್ಕಕ್ಕೆ ಸಿಗುವುದಿಲ್ಲ. ಅದಕ್ಕೆ ವಾಲ್‌ಗ್ರಿಂಡ್ ಎಂಬ ಮೆಮೊರಿ ಪರೀಕ್ಷಕ ಬಳಸಿ. ‘ಪೈಥಾನ್‌ಮ್ಯಾಲಕ್’ಗೆ ‘ಮ್ಯಾಲಕ್’ ಎಂದೇ ಕೊಟ್ಟು ಓಡಿಸಿ. ಇಲ್ಲದಿದ್ದರೆ ಪೈಥಾನ್ ದೊಡ್ಡ ತುಂಡು ತೆಗೆದು ಒಳಗೊಳಗೇ ಹಂಚುವುದರಿಂದ ವಾಲ್‌ಗ್ರಿಂಡ್‌ಗೆ ಒಳಗಿನದು ಕಾಣದು.

## ಪಿಎಚ್‌ಪಿ, ರೂಬಿ, ಪರ್ಲ್, ಲುವಾ ಬರೆಯುವವರಿಗೆ

ಕ್ರಮ ಇದೇ, ಗುಂಡಿಗಳು ಬೇರೆ. ಪಿಎಚ್‌ಪಿಯನ್ನು ‘--ಎನೇಬಲ್-ಡೀಬಗ್’ ಕೊಟ್ಟು ಕಟ್ಟಿದರೆ ರಿಕ್ವೆಸ್ಟ್ ಮುಗಿದಾಗ ಸೋರಿದ ಮೆಮೊರಿಯನ್ನು ಫೈಲ್, ಸಾಲಿನ ಸಮೇತ ಹೇಳುತ್ತದೆ. ಅಲ್ಲಿ ಡೀಬಗ್ ಪಿಎಚ್‌ಪಿ ರಿಲೀಸ್ ಎಕ್ಸ್‌ಟೆನ್ಶನನ್ನು ಲೋಡ್ ಮಾಡಲು ಒಪ್ಪುವುದೇ ಇಲ್ಲ, ಹಾಗಾಗಿ ಹಂತ 3ರ ಬಲೆ ಇಲ್ಲ. ರೂಬಿಯಲ್ಲಿ ಬೇರೆ ಬಿಲ್ಡ್ ಮಾಡುವ ಮುಂಚೆ ‘ಜಿಸಿ.ಸ್ಟ್ರೆಸ್’ ಅನ್ನು ಟ್ರೂ ಮಾಡಿ ನೋಡಿ. ಭಯಂಕರ ನಿಧಾನ, ಆದರೆ ಕಲೆಕ್ಟರ್‌ನಿಂದ ಕಾಪಾಡಲು ಮರೆತ ವ್ಯಾಲ್ಯೂ ಬೇಗ ಬಯಲಾಗುತ್ತದೆ. ಪರ್ಲ್‌ಗೆ ‘-ಡಿಡೀಬಗ್ಗಿಂಗ್’, ಲುವಾಗೆ ‘ಲುವಾ_ಯೂಸ್_ಎಪಿಐಚೆಕ್’ ಮ್ಯಾಕ್ರೊ ಹಾಕಿ ಕಟ್ಟಬೇಕು.

## ಹಂತ 8: ರಿಲೀಸ್‌ಗೆ ವಾಪಸ್

ಡೀಬಗ್‌ನಲ್ಲಿ ಪಾಸ್ ಆದದ್ದನ್ನೆಲ್ಲ ರಿಲೀಸ್‌ನಲ್ಲಿ ಇನ್ನೊಮ್ಮೆ ಓಡಿಸಿ. ಬೆಲೆ ಕೊಡದೆ ಬಳಸಿದ ವೇರಿಯಬಲ್ ‘-ಒ0’ದಲ್ಲಿ ಸುಮ್ಮನಿದ್ದು ‘-ಒ2’ರಲ್ಲಿ ಕೈ ಕೊಡುವುದು ಉಂಟು. ಅಸರ್ಟ್ ಒಳಗೆ ಕೆಲಸದ ಕೋಡ್ ಬರೆದಿದ್ದರಂತೂ ರಿಲೀಸ್‌ನಲ್ಲಿ ಆ ಕೋಡೇ ಇರುವುದಿಲ್ಲ. ವೇಗದ ಅಳತೆಯನ್ನು ರಿಲೀಸ್‌ನಲ್ಲಿ ಮಾತ್ರ ಮಾಡಿ.

ಕೊನೆಗೆ, ಹಂಚುವ ವೀಲ್ ಫೈಲನ್ನು (ಮಾಡ್ಯೂಲಿನ ಸಿದ್ಧ ಪ್ಯಾಕೇಜನ್ನು) ಬಿಚ್ಚಿ ಒಳಗಿನ ‘.ಎಸ್‌ಒ’ ಹೆಸರು ನೋಡಿ. ‘312ಡಿ’ ಅಂತ ಇದ್ದರೆ ಅಪ್‌ಲೋಡ್ ಮಾಡಬೇಡಿ. ಬೇರೆಯವರ ರಿಲೀಸ್ ಪೈಥಾನ್ ಆ ಹೆಸರಿನ ಫೈಲನ್ನು ಹುಡುಕುವುದೇ ಇಲ್ಲ. ಫೈಲ್ ಕಣ್ಣೆದುರಿಗೇ ಇದ್ದರೂ ಅವರಿಗೆ ಬರುವುದು ‘ಮಾಡ್ಯೂಲ್ ಸಿಗಲಿಲ್ಲ’ ಎಂಬ ಸಂದೇಶ.